ಫಿಟ್ಸ್ ನಿಂತಿದೆ, ಪಾಠ ಮಾತ್ರ ತಲೆಯಲ್ಲಿ ನಿಲ್ಲುತ್ತಿಲ್ಲ: ಅಪಸ್ಮಾರವಿರುವ ಮಗುವಿನ ಅಪ್ಪ ಅಮ್ಮನಿಗೆ

ಏಳರ ಮಗ್ಗಿ. ರಾತ್ರಿ ಮಲಗುವ ಮುಂಚೆ ನನ್ನ ಮಗಳು ಒಂದೂ ತಪ್ಪಿಲ್ಲದೆ ಒಪ್ಪಿಸಿದ್ದಳು. ಬೆಳಿಗ್ಗೆ ಶಾಲೆಯ ವ್ಯಾನ್ ಬರುವ ಹೊತ್ತಿಗೆ ಕೇಳಿದರೆ 'ಏಳೆರಡ್ಲ ಹದಿನಾಲ್ಕು' ಅಂದವಳು ಅಲ್ಲೇ ನಿಂತಳು. ನಾನು ಗದರಿದೆ. ಅವಳಿಗೆ ಫಿಟ್ಸ್ ನಿಂತು ಎಂಟು ತಿಂಗಳಾಗಿತ್ತು, ಮಾತ್ರೆ ತಪ್ಪಿರಲಿಲ್ಲ. ಕಾಯಿಲೆಗೂ ಮಗ್ಗಿಗೂ ಸಂಬಂಧವಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ಹೊಳೆಯದೇ ಇದ್ದದ್ದಕ್ಕೆ ಕಾರಣವೂ ಇದೆ. ಆಸ್ಪತ್ರೆಯಲ್ಲಿ ಪ್ರತಿ ಸಲ ಕೇಳುತ್ತಿದ್ದ ಪ್ರಶ್ನೆ ಒಂದೇ: 'ಮತ್ತೆ ಫಿಟ್ಸ್ ಬಂತಾ?' ಇಲ್ಲ ಅಂದರೆ ಅದೇ ಮಾತ್ರೆ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಡಾಕ್ಟರನ್ನು ದೂರುವುದೂ ಕಷ್ಟ. ಅವರು ಫಿಟ್ಸ್ ಎಣಿಸುತ್ತಾರೆ. ಮಗು ಮರೆಯುತ್ತಿದೆ, ಮಂಕಾಗಿದೆ, ಓದು ಹಿಂದೆ ಬಿದ್ದಿದೆ ಅನ್ನುವ ಮಾತನ್ನು ನಾವೇ ಎತ್ತಬೇಕು. ಎತ್ತುವುದು ಹೇಗೆ, ಆಮೇಲೆ ಏನೇನು ಮಾಡಿಸಬೇಕು ಅನ್ನುವುದನ್ನು ನಾನು ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಮಾತ್ರೆಯ ತೀರ್ಮಾನವೆಲ್ಲ ನಿಮ್ಮ ಡಾಕ್ಟರದ್ದೇ.

ಅಂದಹಾಗೆ 'ಅಪಸ್ಮಾರ' ಅನ್ನುವ ಪದದ ಒಳಗೇ ಸ್ಮರಣೆ ಇದೆ, ಅದು ತಪ್ಪುವುದೂ ಇದೆ. ಹಳಬರು ಇದನ್ನು ಬರೀ ಕೈಕಾಲು ಸೆಳೆತದ ಕಾಯಿಲೆ ಅಂದುಕೊಂಡಿರಲಿಲ್ಲ.

ಒಂದು: ಟ್ಯೂಷನ್‌ಗೆ ಸೇರಿಸುವ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ

ಅಂಕ ಇಳಿದ ಕೂಡಲೇ ನಮಗೆ ಹೊಳೆಯುವುದು ಟ್ಯೂಷನ್. ದಣಿದ ಮಗುವನ್ನು ಇನ್ನೊಂದು ಗಂಟೆ ಕೂರಿಸಿದರೆ ಆಗುವುದು ಇನ್ನಷ್ಟು ದಣಿವು. ಅದಕ್ಕಿಂತ ಒಂದು ತಿಂಗಳು ಸುಮ್ಮನೆ ನೋಡಿ, ಬರೆದಿಡಿ. ತಾರೀಖು, ಹೊತ್ತು, ಕಂಡದ್ದು, ಇಷ್ಟೇ. 'ಓದಿನಲ್ಲಿ ವೀಕ್' ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. 'ಮಂಗಳವಾರ ಸಂಜೆ ಕಥೆ ಓದಿದಳು, ಐದು ನಿಮಿಷ ಬಿಟ್ಟು ಕೇಳಿದರೆ ಹೇಳಿದಳು, ಬುಧವಾರ ಬೆಳಿಗ್ಗೆ ಕಥೆಯೇ ನೆನಪಿಲ್ಲ' ಅಂತ ಬರೆದರೆ ಡಾಕ್ಟರ ಕಣ್ಣು ಅಲ್ಲಿ ನಿಲ್ಲುತ್ತದೆ.

ಬರೆಯುವಾಗ ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊದಲು ಬರುತ್ತಿದ್ದದ್ದು ಈಗ ಬರುತ್ತಿಲ್ಲವೋ, ಅಥವಾ ಹೊಸದು ಹತ್ತುತ್ತಿಲ್ಲವೋ? ಕೇಳಿಸಿಕೊಂಡದ್ದು ಮರೆಯುತ್ತದೋ, ಕಣ್ಣಾರೆ ನೋಡಿದ್ದೋ? ಗೊತ್ತಿರುವ ವಸ್ತುವಿನ ಹೆಸರು ನಾಲಿಗೆಗೆ ಬರದೆ 'ಅದೇ, ಅದು' ಅನ್ನುತ್ತದೋ? ಮಾತ್ರೆ ಕೊಟ್ಟ ಒಂದೆರಡು ಗಂಟೆಯಲ್ಲಿ ಮಂಕಾಗುತ್ತದೋ, ಇಡೀ ದಿನವೋ? ರಾತ್ರಿ ನಿದ್ದೆ ಹೇಗಿತ್ತು? ಬೆಳಿಗ್ಗೆ ದಿಂಬು ಜೊಲ್ಲಿನಿಂದ ಒದ್ದೆಯಾಗಿತ್ತೇ, ಹಾಸಿಗೆಯಲ್ಲಿ ಮೂತ್ರವಾಗಿತ್ತೇ, ನಾಲಿಗೆ ಕಚ್ಚಿದ ಗುರುತಿತ್ತೇ? ಕೊನೆಯ ಪ್ರಶ್ನೆಯನ್ನು ನಾನು ತಡವಾಗಿ ಕಲಿತೆ. ಅವು ರಾತ್ರಿ ಯಾರಿಗೂ ಕಾಣದೆ ಬಂದು ಹೋಗುವ ಫಿಟ್ಸ್‌ನ ಗುರುತುಗಳಿರಬಹುದು.

ಶಾಲೆಯ ಹಳೆಯ ನೋಟ್ಸ್‌ಗಳನ್ನೂ ಎಸೆಯಬೇಡಿ. ಉಕ್ತಲೇಖನದ ಪುಟ ತೆರೆದು ನೋಡಿ. ಸಾಲಿನ ನಡುವೆ ಎರಡು ಮೂರು ಪದ ಮಾಯವಾಗಿ, ಮುಂದಿನ ಪದಗಳು ಸರಿಯಾಗಿಯೇ ಇದ್ದರೆ, ಪೆನ್ಸಿಲ್ ಗೆರೆ ಅಕ್ಷರದಿಂದ ಜಾರಿ ಸುಮ್ಮನೆ ಕೆಳಗೆ ಎಳೆದುಕೊಂಡು ಹೋಗಿದ್ದರೆ, ಆ ಪುಟವನ್ನು ಡಾಕ್ಟರಿಗೆ ತೋರಿಸಲೇಬೇಕು. ಬರೆಯಲು ಬಾರದ ಮಗು ಹಾಗೆ ತಪ್ಪು ಮಾಡುವುದಿಲ್ಲ. ಆ ಹತ್ತು ಸೆಕೆಂಡು ಮಗು ಅಲ್ಲಿ ಇರಲೇ ಇಲ್ಲ ಅನ್ನುವುದರ ಸುಳಿವು ಅದು.

ಎರಡು: ಕಾರಣ ಯಾವುದು ಅಂತ ಬೇರ್ಪಡಿಸಿ

ಮರೆವಿಗೆ ಕಾರಣ ಒಂದೇ ಇರುವುದಿಲ್ಲ. ಎರಡು ಮೂರು ಸೇರಿಕೊಂಡಿರುವುದೇ ಹೆಚ್ಚು, ಮತ್ತು ಒಂದೊಂದಕ್ಕೆ ಮಾಡಬೇಕಾದ್ದು ಬೇರೆ ಬೇರೆ. ಈ ಹೆಜ್ಜೆಯಲ್ಲಿ ಅವಸರ ಬೇಡ.

ಮೊದಲನೆಯದು, ಫಿಟ್ಸ್ ಅಂತ ಯಾರಿಗೂ ಅನ್ನಿಸದ ಫಿಟ್ಸ್. ಆಬ್ಸೆನ್ಸ್ ಅಂತ ಕರೆಯುವ ಬಗೆಯಲ್ಲಿ ಮಗು ಬೀಳುವುದಿಲ್ಲ, ನಡುಗುವುದಿಲ್ಲ. ಮಾತಿನ ನಡುವೆ ತಟಸ್ಥವಾಗಿ ನಿಂತು, ಎಲ್ಲೋ ನೋಡಿ, ಸುಮಾರು ಹತ್ತು ಸೆಕೆಂಡಿನಲ್ಲಿ ಏನೂ ಆಗದ ಹಾಗೆ ಮುಂದುವರಿಯುತ್ತದೆ. ನಾಲ್ಕರಿಂದ ಹತ್ತು ವರ್ಷದ ನಡುವೆ ಶುರುವಾಗುವುದು ಹೆಚ್ಚು. ದಿನಕ್ಕೆ ಹತ್ತಾರು ಸಲ ಬರಬಹುದು. 'ಕ್ಲಾಸಿನಲ್ಲಿ ಕನಸು ಕಾಣ್ತಾನೆ' ಅನ್ನುವ ದೂರಿನ ಹಿಂದೆ ಇದು ಅಡಗಿರಬಹುದು. ಕನಸು ಕಾಣುವ ಮಗುವನ್ನು ಭುಜ ಮುಟ್ಟಿ ಕರೆದರೆ ತಿರುಗುತ್ತದೆ. ಆಬ್ಸೆನ್ಸ್‌ನಲ್ಲಿ ತಿರುಗುವುದಿಲ್ಲ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಡಾಕ್ಟರು ತಮ್ಮ ಕೋಣೆಯಲ್ಲೇ ಮಗುವಿಗೆ ಎರಡು ಮೂರು ನಿಮಿಷ ಜೋರಾಗಿ ಉಸಿರಾಡಿಸಿ ಇದನ್ನು ಕಣ್ಣೆದುರೇ ತರಿಸಿ ನೋಡುವುದುಂಟು. ಮನೆಯಲ್ಲಿ ನೀವು ಆ ಪ್ರಯೋಗ ಮಾಡಬೇಡಿ.

ಎರಡನೆಯದು ನಮ್ಮ ಮನೆಯ ಕಥೆ. ಮಗಳಿಗಿದ್ದದ್ದು ರೋಲ್ಯಾಂಡಿಕ್ ಅಪಸ್ಮಾರ. ನಿದ್ದೆ ಹತ್ತುವಾಗ ಅಥವಾ ಬೆಳಗಿನ ಜಾವ ಮುಖದ ಒಂದು ಪಕ್ಕ ಸೆಳೆಯುತ್ತದೆ, ಜೊಲ್ಲು ಸುರಿಯುತ್ತದೆ, ಎಚ್ಚರವಿದ್ದರೂ ಮಾತು ಬರುವುದಿಲ್ಲ. ಹದಿಹರೆಯ ಕಳೆಯುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಆದ್ದರಿಂದ ಹಿಂದೆ ಇದಕ್ಕೆ 'ನಿರಪಾಯ' ಅನ್ನುವ ವಿಶೇಷಣ ಅಂಟಿಸಿದ್ದರು. ಈಗ ಆ ಮಾತನ್ನು ಬಿಟ್ಟಿದ್ದಾರೆ. ಫಿಟ್ಸ್ ಇಲ್ಲದ ದಿನಗಳಲ್ಲೂ ನಿದ್ದೆಯ ಹೊತ್ತಿನಲ್ಲಿ ಮಿದುಳಿನಲ್ಲಿ ಕಿಡಿಗಳು ಹಾರುತ್ತಿರುತ್ತವೆ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಆ ಕೆಲಸದ ಹೊತ್ತಿಗೇ ಈ ಗಲಾಟೆ ನಡೆದರೆ ಓದು, ಕಾಗುಣಿತ, ಪದಗಳ ನೆನಪು ಕುಂಟಬಹುದು. ಹಗಲಿನ ಇಇಜಿಯಲ್ಲಿ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಇದು ಪೂರ್ತಿ ಕಾಣಿಸುವುದಿಲ್ಲ. 'ನಿದ್ದೆಯ ಇಇಜಿ ಬೇಕಾ ಸರ್?' ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಇದರ ಉಗ್ರ ರೂಪ ಅಪರೂಪ, ಆದರೆ ಗೊತ್ತಿರಬೇಕು. ಚೆನ್ನಾಗಿ ಮಾತಾಡುತ್ತಿದ್ದ ಮಗು ಕೆಲವು ವಾರ, ತಿಂಗಳಲ್ಲಿ ಮಾತು ಕಡಿಮೆ ಮಾಡಿ, ಕರೆದರೆ ಕಿವುಡನಂತೆ ಸುಮ್ಮನಿದ್ದರೆ ಕಿವಿ ಪರೀಕ್ಷೆಯೊಂದೇ ಸಾಲದು. ಲ್ಯಾಂಡೌ ಮತ್ತು ಕ್ಲೆಫ್ನರ್ ಎಂಬಿಬ್ಬರು 1957ರಲ್ಲಿ ವಿವರಿಸಿದ ಈ ಸ್ಥಿತಿಯಲ್ಲಿ ಶಬ್ದ ಕಿವಿಗೆ ಬಿದ್ದರೂ ಮಿದುಳಿಗೆ ಅರ್ಥವಾಗುವುದಿಲ್ಲ. ಫಿಟ್ಸ್ ಇಲ್ಲದೆಯೂ ಬರಬಹುದು. ಕಲಿತಿದ್ದ ಮಾತು, ನಡಿಗೆ, ಬುದ್ಧಿ ಹಿಂದಕ್ಕೆ ಹೋಗುತ್ತಿದೆ ಅನ್ನಿಸಿದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬೇಡಿ, ಆ ವಾರವೇ ನ್ಯೂರಾಲಜಿಸ್ಟ್ ಹತ್ತಿರ ಹೋಗಿ.

ಮೂರನೆಯದು ಮೂಲ ಕಾರಣ. ಹುಟ್ಟುವಾಗ ಉಸಿರು ಕಟ್ಟಿದ್ದು, ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ಇಳಿದದ್ದು, ಮಿದುಳಿನ ಸೋಂಕು, ಲಾಡಿಹುಳುವಿನ ಮರಿ ಮಿದುಳು ಸೇರಿ ಆದ ಗಂಟು. (ಸಸ್ಯಾಹಾರಿಗಳಿಗೂ ಬರುತ್ತದೆ. ಅದರ ಮೊಟ್ಟೆ ಬರುವುದು ತೊಳೆಯದ ತರಕಾರಿ, ಕೊಳಕು ನೀರು, ಕೊಳಕು ಕೈಗಳ ಮೂಲಕ.) ಇಂಥ ಕಡೆ ಫಿಟ್ಸೂ ಕಲಿಕೆಯ ತೊಡಕೂ ಒಂದೇ ಬೇರಿನ ಎರಡು ಕೊಂಬೆ. ಫಿಟ್ಸ್ ನಿಂತರೂ ಇನ್ನೊಂದು ಕೊಂಬೆ ಇದ್ದೇ ಇರುತ್ತದೆ. ಪೆಟ್ಟು ಬಿದ್ದ ಜಾಗದ ಮೇಲೆ ತೊಡಕಿನ ಸ್ವರೂಪ ನಿಲ್ಲುತ್ತದೆ. ಮಿದುಳಿನಲ್ಲಿ ಎಡ ಕಿವಿಯ ಪಕ್ಕದ ಟೆಂಪೊರಲ್ ಭಾಗವಾದರೆ ಪದಗಳ, ಕೇಳಿದ ಮಾತಿನ ನೆನಪು, ಮುಂಭಾಗವಾದರೆ ಗಮನ, ಕೆಲಸಗಳನ್ನು ಸಾಲಾಗಿ ಜೋಡಿಸಿಕೊಳ್ಳುವ ಶಕ್ತಿ ಹೆಚ್ಚಾಗಿ ಸೋಲುತ್ತವೆ.

ನಾಲ್ಕನೆಯದು ಮಾತ್ರೆ. ಅದಕ್ಕೆ ಪ್ರತ್ಯೇಕ ಹೆಜ್ಜೆಯೇ ಬೇಕು. ಐದನೆಯದು ಮನಸ್ಸು: ಕ್ಲಾಸಿನಲ್ಲಿ ಬಿದ್ದೆನೆಂಬ ನಾಚಿಕೆ, ಪಕ್ಕದವರು ದೂರ ಕೂತ ನೋವು, ಮನೆಯಲ್ಲಿ ಎಲ್ಲಕ್ಕೂ 'ನಿನಗೆ ಬೇಡ' ಅನ್ನಿಸಿಕೊಳ್ಳುವುದು. ಅಳುಕಿನಲ್ಲಿರುವ ಮಗುವಿಗೆ ಗೊತ್ತಿರುವುದೂ ಮರೆಯುತ್ತದೆ.

ಮೂರು: ಮಾತ್ರೆಯ ಬಗ್ಗೆ ಕೇಳಿ, ಆದರೆ ನೀವೇ ನಿಲ್ಲಿಸಬೇಡಿ

ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಬೇಕಾದ ಮಾತು ಇದು: ಮಂಕು ಕಂಡಿತೆಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು, ಅದು ಪ್ರಾಣಕ್ಕೇ ಕುತ್ತು. ಮಿದುಳಿಗೆ ಮಾತ್ರೆಗಿಂತ ಹತೋಟಿಗೆ ಸಿಗದ ಫಿಟ್ಸ್‌ನ ಹಾನಿಯೇ ಹೆಚ್ಚು.

ಇಷ್ಟು ಹೇಳಿದ ಮೇಲೆ, ಮಾತ್ರೆಗಳೆಲ್ಲ ಒಂದೇ ಅಲ್ಲ ಅನ್ನುವುದೂ ನಿಜ. ನಮ್ಮೂರುಗಳಲ್ಲಿ 'ಗಾರ್ಡಿನಾಲ್' ಅಂತಲೇ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಲಕ್ಷಾಂತರ ಜನರನ್ನು ಕಾಪಾಡಿದೆ. ಆದರೆ ಮಕ್ಕಳಲ್ಲಿ ಮಂಕು ತರಬಹುದು, ಕೆಲವರಲ್ಲಿ ಅದಕ್ಕೆ ವಿರುದ್ಧವಾಗಿ ವಿಪರೀತ ಚಡಪಡಿಕೆ. ಜ್ವರದ ಫಿಟ್ಸ್ ಇದ್ದ ಪುಟ್ಟ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ಕೊನೆಗೆ ಇದನ್ನು ಕೊಟ್ಟ ಗುಂಪಿನ ಸರಾಸರಿ ಬುದ್ಧಿಮಟ್ಟ ಏಳೆಂಟು ಅಂಕ ಕಡಿಮೆ ಇತ್ತು. ಟೋಪಿರಾಮೇಟ್ ಪದ ಹುಡುಕುವುದನ್ನು ನಿಧಾನ ಮಾಡಬಹುದು. 'ಅದೇ, ಅದು' ಅನ್ನುವ ಮಗುವಿನ ಚೀಟಿಯಲ್ಲಿ ಈ ಹೆಸರಿದ್ದರೆ ಡಾಕ್ಟರ ಗಮನಕ್ಕೆ ತನ್ನಿ. ಲೆವೆಟಿರಾಸೆಟಾಮ್ ನೆನಪಿನ ಮಟ್ಟಿಗೆ ಸೌಮ್ಯ, ಆದರೆ ಕೆಲವು ಮಕ್ಕಳಲ್ಲಿ ಸಿಟ್ಟು, ಹಟ ಉಕ್ಕಿಸುತ್ತದೆ. ಸಿಟ್ಟಿನಲ್ಲಿ ಪಾಠ ಹತ್ತುವುದು ಎಲ್ಲಿಂದ? ಕ್ಲೋಬಜಾಮ್ ತೂಕಡಿಕೆ ತರಬಹುದು. ಆಬ್ಸೆನ್ಸ್ ಇರುವ 453 ಮಕ್ಕಳನ್ನು ಸೇರಿಸಿಕೊಂಡು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಥೋಸಕ್ಸಿಮೈಡ್, ವ್ಯಾಲ್‌ಪ್ರೊಯೇಟ್ ಎರಡೂ ಫಿಟ್ಸ್ ತಡೆಯುವುದರಲ್ಲಿ ಸಮನಾಗಿದ್ದವು, ಗಮನದ ತೊಂದರೆ ಮಾತ್ರ ವ್ಯಾಲ್‌ಪ್ರೊಯೇಟ್ ತೆಗೆದುಕೊಂಡವರಲ್ಲಿ ಹೆಚ್ಚಿತ್ತು.

ಇದನ್ನು ಓದಿ ಡಾಕ್ಟರ ಮುಂದೆ ಪಾಂಡಿತ್ಯ ತೋರಿಸಲು ಹೋಗಬೇಡಿ. ನಾನು ಹೋಗಿ ಬೈಸಿಕೊಂಡಿದ್ದೇನೆ. ನೋಟ್‌ಬುಕ್ ಮುಂದಿಟ್ಟು ಹೀಗೆ ಕೇಳಿ: 'ಈ ಮಾತ್ರೆ ಶುರುವಾದ ಮೇಲೆ ಈ ಬದಲಾವಣೆ ಕಾಣ್ತಿದೆ. ಡೋಸ್ ಇವಳ ತೂಕಕ್ಕೆ ಸರಿ ಇದೆಯಾ? ಎರಡು ಮೂರು ಮಾತ್ರೆ ಬದಲು ಒಂದರಲ್ಲೇ ಆಗುತ್ತಾ? ರಾತ್ರಿಯ ಡೋಸ್ ಹೆಚ್ಚು, ಬೆಳಗಿನದು ಕಡಿಮೆ ಮಾಡಬಹುದಾ?' ಹೆಚ್ಚು ಮಾತ್ರೆ, ಹೆಚ್ಚು ಡೋಸ್ ಇದ್ದಷ್ಟೂ ಮಂಕು ಹೆಚ್ಚು ಅನ್ನುವುದು ಸಾಮಾನ್ಯ ನಿಯಮ. ಮಗಳಿಗೆ ಡೋಸ್ ಹೊಂದಿಸಿದ ಎರಡು ತಿಂಗಳಿಗೆ ಬೆಳಗಿನ ತೂಕಡಿಕೆ ಹೋಯಿತು. ಮರೆವು ಪೂರ್ತಿ ಹೋಗಲಿಲ್ಲ.

ಒಂದೆಲಗದ ತಂಬುಳಿ ಧಾರಾಳವಾಗಿ ಮಾಡಿ ಬಡಿಸಿ, ಊಟ ಚೆನ್ನಾಗಿರುತ್ತದೆ. ಆದರೆ 'ಮೆಮೊರಿ' ಅಂತ ಬರೆದ ಟಾನಿಕ್, ಬ್ರಾಹ್ಮಿಯ ಸಾರದ ಮಾತ್ರೆಗಳನ್ನು ಡಾಕ್ಟರಿಗೆ ಹೇಳದೆ ಕೊಡಬೇಡಿ. ಕಣ್ಣು ಕಟ್ಟಿಕೊಂಡು ಬಣ್ಣ ಗುರುತಿಸುವ 'ಮಿಡ್‌ಬ್ರೇನ್' ಕ್ಲಾಸಿಗೆ ಸಾವಿರಾರು ರೂಪಾಯಿ ಕಟ್ಟುವ ಬದಲು ಆ ದುಡ್ಡಿನಲ್ಲಿ ನಿದ್ದೆಯ ಇಇಜಿ ಮಾಡಿಸಬಹುದು.

ನಾಲ್ಕು: ಪರೀಕ್ಷೆ ಮಾಡಿಸಿ, ಅಂಕಕ್ಕಿಂತ ಒಳಗಿನ ವಿವರ ಓದಿಸಿಕೊಳ್ಳಿ

ಸ್ಕ್ಯಾನ್, ಇಇಜಿ ಎರಡೂ ಮಗು ಹೇಗೆ ಕಲಿಯುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕೂರಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಾತು ಮತ್ತು ಭಾಷೆಯ ತೊಡಕಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಇವೆಲ್ಲ ಸರ್ಕಾರಿ ಜಾಗಗಳು. ದೂರ ಹೋಗುವ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲೇ ತಪಾಸಣೆ ಮಾಡಿ ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ. ಆ ಪಟ್ಟಿಯಲ್ಲಿ ಫಿಟ್ಸ್ ಇದೆ, ಕಲಿಕೆಯ ತೊಡಕೂ ಇದೆ.

ಬಿನೆ-ಕಾಮತ್ ಅನ್ನುವ ಬುದ್ಧಿಮಟ್ಟದ ಪರೀಕ್ಷೆಯ ಹೆಸರು ನಿಮ್ಮ ಕಿವಿಗೆ ಬೀಳಬಹುದು. ಫ್ರಾನ್ಸಿನ ಬಿನೆ ರೂಪಿಸಿದ ಪರೀಕ್ಷೆಯನ್ನು ಕಾಮತರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ಇಂದಿಗೂ ಬಳಸುತ್ತಾರೆ. ಅದು ಕೊಡುವ ಒಂದು ಸಂಖ್ಯೆಗೆ ಹೆದರಬೇಡಿ, ಹಿಗ್ಗಲೂ ಬೇಡಿ. ಕೇಳಿದ ನೆನಪು ಎಷ್ಟು, ನೋಡಿದ ನೆನಪು ಎಷ್ಟು, ಗಮನ ಎಷ್ಟು ಹೊತ್ತು, ಓದುವ ವೇಗ ಎಷ್ಟು, ಇವನ್ನು ಬಿಡಿಬಿಡಿಯಾಗಿ ವಿವರಿಸಿ ಅಂತ ಕೇಳಿ. ಮಗಳ ವರದಿಯಲ್ಲಿ ಚಿತ್ರದ ನೆನಪು ವಯಸ್ಸಿಗೆ ತಕ್ಕ ಹಾಗೆ ಇತ್ತು, ಪದಗಳ ನೆನಪು ತುಂಬ ಹಿಂದೆ. ನಾವು ಮೂರು ವರ್ಷ ಬಾಯಿಪಾಠವನ್ನೇ ಮಾಡಿಸಿದ್ದೆವು.

ಮಗು ಹಿಂದಿನ ದಿನ ಫಿಟ್ಸ್‌ನಿಂದ ದಣಿದಿದ್ದರೆ, ನಿದ್ದೆಗೆಟ್ಟಿದ್ದರೆ, ಮಾತ್ರೆ ಹೊಸದಾಗಿ ಬದಲಾಗಿದ್ದರೆ ಪರೀಕ್ಷೆಯ ದಿನ ಮುಂದೂಡಿಸಿ. ಮನೆಮಾತು ಕೊಂಕಣಿಯೋ ತುಳುವೋ ಉರ್ದುವೋ ಆಗಿದ್ದರೆ ಮೊದಲೇ ಹೇಳಿ.

ಐದು: ಶಾಲೆಗೆ ಹೋಗಿ ಮಾತಾಡಿ

ಮುಚ್ಚಿಡಬೇಕೋ ಹೇಳಬೇಕೋ ಅನ್ನುವ ಸಂಕಟ ನನಗೆ ಗೊತ್ತು, ಹೆಣ್ಣುಮಕ್ಕಳ ವಿಷಯದಲ್ಲಂತೂ ಮನೆಯ ಹಿರಿಯರು ಬಾಯಿ ಬಿಡಬೇಡಿ ಅನ್ನುತ್ತಾರೆ. ನನ್ನ ಅಭಿಪ್ರಾಯ ನೇರ: ಕ್ಲಾಸ್ ಟೀಚರಿಗೆ, ಮುಖ್ಯ ಶಿಕ್ಷಕರಿಗೆ, ಪಿಟಿ ಮೇಷ್ಟ್ರಿಗೆ ಹೇಳಲೇಬೇಕು. ಇಡೀ ಊರಿಗೆ ಬೇಕಿಲ್ಲ. ಡಾಕ್ಟರ ಪತ್ರವನ್ನೂ ಒಂದು ಪುಟದ ಚೀಟಿಯನ್ನೂ ಒಯ್ಯಿರಿ. ಚೀಟಿಯ ಮೇಲ್ಭಾಗದಲ್ಲಿ ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಬರೆಯಿರಿ: ಒಂದು ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಕೆಳಭಾಗದಲ್ಲಿ ಪಾಠದ ಮಾತು. ಏನೇನನ್ನೋ ಕೇಳಬೇಡಿ, ನಲವತ್ತೈದು ಮಕ್ಕಳಿರುವ ಕ್ಲಾಸಿನಲ್ಲಿ ಟೀಚರ್ ಮಾಡಬಹುದಾದಷ್ಟನ್ನೇ ಕೇಳಿ. ನಾನು ನಾಲ್ಕೇ ಕೇಳಿದೆ. ಮುಂದಿನ ಬೆಂಚು. ಒಂದು ಸಲಕ್ಕೆ ಒಂದೇ ಸೂಚನೆ, ಹೋಂವರ್ಕ್ ಬೋರ್ಡಿನ ಮೇಲೆ. ಫಿಟ್ಸ್ ಬಂದ ದಿನ, ಮರುದಿನ ಟೆಸ್ಟ್ ಬೇಡ. ಎಲ್ಲರೆದುರು ತಟ್ಟನೆ ಎಬ್ಬಿಸಿ ಪ್ರಶ್ನೆ ಕೇಳಬೇಡಿ, ಉತ್ತರಕ್ಕೆ ಒಂದರ್ಧ ನಿಮಿಷ ಕೊಡಿ. ನಾಲ್ಕನೆಯದೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ನೋಟ್ಸ್ ಬರೆದುಕೊಳ್ಳುವಾಗ ತಪ್ಪಿದ ಸಾಲು ತೋರಿಸಲು ಒಬ್ಬ ಗೆಳತಿಯನ್ನು ಟೀಚರೇ ಪಕ್ಕ ಕೂರಿಸಿದರು, ಅದು ನಾನು ಕೇಳಿದ್ದಲ್ಲ.

ಸರ್ಕಾರಿ ಶಾಲೆಯಾದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ. ಬಿಇಒ ಕಚೇರಿಯಲ್ಲಿ ವಿಚಾರಿಸಿ.

ಆರು: ಮನೆಯ ಓದನ್ನು ಬದಲಿಸಿ

ಮೊದಲು ನಿದ್ದೆ. ಪರೀಕ್ಷೆ ಅಂತ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವ ನಮ್ಮ ಪದ್ಧತಿ ಈ ಮಕ್ಕಳಿಗೆ ವಿಷ. ನಿದ್ದೆ ಕೆಟ್ಟರೆ ಫಿಟ್ಸ್ ಬರಬಹುದು, ಬರದಿದ್ದರೂ ಕಲಿತದ್ದು ನಿಲ್ಲುವುದಿಲ್ಲ.

ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಓಡಾಟ. ಒಂದೇ ಕೂತಲ್ಲಿ ಹತ್ತು ಸಲ ಓದಿಸುವುದಕ್ಕಿಂತ ಇವತ್ತು ಸಂಜೆ ಒಂದು ಸಲ, ನಾಳೆ ಬೆಳಿಗ್ಗೆ, ಮೂರು ದಿನ ಬಿಟ್ಟು, ವಾರ ಬಿಟ್ಟು ಒಂದೊಂದು ಸಲ. ಪುಸ್ತಕ ತೋರಿಸಿ ಓದಿಸುವ ಬದಲು ಪುಸ್ತಕ ಮುಚ್ಚಿ 'ಏನು ನೆನಪಿದೆ ಹೇಳು' ಅನ್ನಿ, ತಪ್ಪಿದ್ದನ್ನು ನೀವೇ ಸೇರಿಸಿ. ಪದದ ನೆನಪು ಸೋಲುತ್ತಿದ್ದರೆ ಚಿತ್ರ ಬರೆಸಿ. ಮಗಳು ಏಳರ ಮಗ್ಗಿ ಕಲಿತದ್ದು ಏಳೇಳು ಹುಣಿಸೆ ಬೀಜದ ಸಾಲುಗಳನ್ನು ನೆಲದ ಮೇಲೆ ಜೋಡಿಸಿ. ಗಮನ ಸೋಲುತ್ತಿದ್ದರೆ ಮೇಜಿನ ಮೇಲೆ ಒಂದೇ ಪುಸ್ತಕ, ಟಿವಿ ಬಂದ್, ದಿನದ ಕೆಲಸ ಗೋಡೆಯ ಮೇಲೆ ಬರೆದ ಪಟ್ಟಿ, ಮುಗಿದದ್ದಕ್ಕೆ ಮಗುವೇ ಗೀಟು ಹಾಕಲಿ.

ಆಟ ನಿಲ್ಲಿಸಬೇಡಿ. ಕೆರೆ, ಬಾವಿ, ಮರ ಹತ್ತುವುದು, ಒಲೆಯ ಬೆಂಕಿ, ಇವಿಷ್ಟಕ್ಕೆ ಜೊತೆಯಲ್ಲೊಬ್ಬರು ಬೇಕು. ಬಚ್ಚಲಿಗೆ ಚಿಲಕ ಬೇಡ. ತಲೆಗೆ ಬಿಸಿನೀರು ಸುರಿದಾಗಲೇ ಬರುವ ಫಿಟ್ಸ್ ಒಂದಿದೆ. ಜಗತ್ತಿನಲ್ಲಿ ಅದು ಹೆಚ್ಚು ದಾಖಲಾಗಿರುವ ಜಾಗಗಳಲ್ಲಿ ನಮ್ಮ ಬೆಂಗಳೂರು, ಮೈಸೂರು ಭಾಗವೂ ಒಂದು. ಹಂಡೆಯ ಸುಡುನೀರಿನ ತಲೆಸ್ನಾನದ ದಿನವೇ ಮಗು ಮಂಕಾಗುತ್ತದೆಯೇ ಅಂತಲೂ ನೋಟ್‌ಬುಕ್‌ನಲ್ಲಿ ನೋಡಿ. ಹಾಗಿದ್ದರೆ ಉಗುರುಬೆಚ್ಚಗಿನ ನೀರು ಸಾಕು, ಡಾಕ್ಟರಿಗೂ ಹೇಳಿ.

ಏಳು: ಕಾಗದಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅಪಸ್ಮಾರದ ಹೆಸರಿಲ್ಲ. ಆದರೆ ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ ಎರಡೂ ಇವೆ. ಮಗುವಿನ ಪರೀಕ್ಷೆಯಲ್ಲಿ ಅವು ಕಂಡರೆ ಆ ಹೆಸರಿನಲ್ಲಿ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಬಹುದು. ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇತ್ಯಾದಿ ಸಿಗುತ್ತವೆ. ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು ಬೇಕಿದ್ದರೆ ಒಂಬತ್ತನೇ ತರಗತಿಯಲ್ಲೇ ಮುಖ್ಯ ಶಿಕ್ಷಕರ ಹತ್ತಿರ ಮಾತು ಶುರುಮಾಡಿ. ಪರೀಕ್ಷೆಗೆ ಎರಡು ತಿಂಗಳಿರುವಾಗ ಓಡಾಡಿ ಕೈ ಚೆಲ್ಲಿದವರನ್ನು ನೋಡಿದ್ದೇನೆ. 'ಬುದ್ಧಿಮಾಂದ್ಯ ಅಂತ ಹಣೆಪಟ್ಟಿ ಬೀಳುತ್ತೆ' ಅಂತ ಅಳುಕುವವರಿಗೆ ಒಂದು ಮಾತು: ಆ ಕಾಗದ ಕಪಾಟಿನಲ್ಲಿರುತ್ತದೆ, ಬೇಕಾದಾಗ ತೆಗೆದು ತೋರಿಸಿದರಾಯಿತು.

ಕೊನೆಗೆ ಮತ್ತೆ ನೋಟ್‌ಬುಕ್. ಸುಮಾರು ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದರೆ ಮಾತ್ರೆಯನ್ನು ನಿಧಾನವಾಗಿ ಇಳಿಸುವ ಮಾತನ್ನು ಡಾಕ್ಟರು ಎತ್ತಬಹುದು. ಆಗಲೂ ಬರೆಯುವುದು ನಿಲ್ಲಿಸಬೇಡಿ. ಒಂದೆರಡು ವರ್ಷಕ್ಕೊಮ್ಮೆ ಸೈಕಾಲಜಿಸ್ಟ್ ಅದೇ ಪರೀಕ್ಷೆಗಳನ್ನು ಮತ್ತೆ ಮಾಡುವಾಗ ಹಳೆಯ ವರದಿ ಕೈಯಲ್ಲಿದ್ದರೆ ಮಗು ಎಷ್ಟು ಮುಂದೆ ಬಂದಿದೆ, ಎಲ್ಲಿ ನಿಂತಿದೆ ಅಂತ ಹೋಲಿಸಬಹುದು. ವರದಿ, ಇಇಜಿ, ಮಾತ್ರೆ ಚೀಟಿಗಳ ಫೋಟೊ ತೆಗೆದು ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ. ನಮ್ಮ ಮೊದಲ ಫೈಲು ಬಸ್ಸಿನಲ್ಲಿ ಹೋಯಿತು.